ಒಗೆದಷ್ಟೂ ಕಪ್ಪು

ನಲವತ್ತು ವರ್ಷಗಳಿಂದ ನಾನು ಇನ್ನೊಬ್ಬರ ಮೂತ್ರ ನೋಡಿ ಹೊಟ್ಟೆ ಹೊರೆಯುತ್ತಿದ್ದೇನೆ. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ನಾಚಿಕೆಯೆಲ್ಲ ನನ್ನ ಹೆಂಡತಿ ವೃಂದಾಳದು. ಸೇಡಂ ಬಸ್‌ಸ್ಟ್ಯಾಂಡಿನ ಹಿಂದಿರುವ ಲ್ಯಾಬು ಮುಚ್ಚಿ ಮನೆಗೆ ಹೋದರೆ ಬಾಗಿಲಲ್ಲೇ ತಡೆದು, "ಮೊದಲ ಬಚ್ಚಲಕ್ಕ ನಡೀರಿ ಜಯತೀರ್ಥಾಚಾರ್ರ, ಮಾತು ಆಮ್ಯಾಲ" ಎನ್ನುತ್ತಾಳೆ. ಮಡಿಯ ಮನೆಯಲ್ಲಿ ಹುಟ್ಟಿ ಈ ಕಸುಬಿಗೆ ಬಂದವನು ನಮ್ಮ ವಂಶದಲ್ಲೇ ನಾನೊಬ್ಬ. ನಮ್ಮಪ್ಪ ಸಾಯುವತನಕ ನನ್ನನ್ನು "ದವಾಖಾನಿ ಕೆಲಸದಾಗ ಇದ್ದಾನ" ಎಂದು ಹೇಳಿದರೇ ಹೊರತು ಏನು ಕೆಲಸ ಅಂತ ಬಾಯಿ ಬಿಡಲಿಲ್ಲ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಮೂಗೂ ಸಣ್ಣದಲ್ಲ. ಮುಂದೆ ಹೇಳುವ ತಪ್ಪು ಆ ಸಿಟ್ಟಿನಿಂದಲೂ, ನನ್ನ ನೀಲಿ ನೀರಿನ ಮೇಲೆ ನನಗಿದ್ದ ಜಂಬದಿಂದಲೂ ಆದದ್ದು. ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ನೀಲಿ ನೀರು ಎಂದರೆ ಬೆನೆಡಿಕ್ಟ್ ದ್ರಾವಣ. ಮೈಲುತುತ್ತ, ಸೋಡಾ, ಇನ್ನೊಂದು ಉಪ್ಪು ತೂಗಿ, ಕಾಯಿಸಿ, ನಾನೇ ತಯಾರಿಸುತ್ತೇನೆ. ಗಾಜಿನ ನಳಿಗೆಯಲ್ಲಿ ಐದು ಮಿಲಿ ಹಾಕಿ, ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಕುದಿಸಬೇಕು. ನೀಲಿಯಾಗಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಚೂರು ಇದೆ, ಹಳದಿಯಾದರೆ ಇನ್ನಷ್ಟು ಇದೆ, ಕಿತ್ತಳೆಯೋ ಇಟ್ಟಿಗೆಯೋ ಬಣ್ಣ ಬಂದರೆ ರೋಗಿಯನ್ನು ಕೂರಿಸಿಕೊಂಡು ಸಮಾಧಾನದಿಂದ ಮಾತಾಡಬೇಕು. ಈಗ ಯಾರೂ ಇದನ್ನು ಮಾಡುವುದಿಲ್ಲ. ಎಲ್ಲರೂ ಬಣ್ಣದ ಚೌಕಗಳಿರುವ ಕಾಗದದ ಪಟ್ಟಿಯನ್ನು ಅದ್ದಿ ಒಂದು ನಿಮಿಷಕ್ಕೆ ಕೈ ತೊಳೆದುಕೊಳ್ಳುತ್ತಾರೆ.

ಚಿತ್ತಾಪುರದಿಂದ ದಿನಾ ರೈಲಿಗೆ ಬಂದು ನನ್ನ ಜೊತೆ ಕೆಲಸ ಮಾಡುವ ರಿಹಾನಳೂ ಪಟ್ಟಿಯ ಪಕ್ಷದವಳೇ. ಓದಿ ಬಂದ ಹುಡುಗಿ, ಕೈ ಶುದ್ಧ, ಮಾತು ಕಡಿಮೆ.

"ಕಾಗದಕ್ಕೇನು ಗೊತ್ತವ್ವಾ ಉಚ್ಚಿ ಸುದ್ದಿ?" ಎಂದು ನಾನು ಕೆಣಕುತ್ತಿದ್ದೆ.

"ಪಟ್ಟಿ ಬರೇ ಸಕ್ರಿಗಷ್ಟ ಹೌದು ಅಂತದ ಸರ್. ನಿಮ್ಮ ನೀಲಿ ನೀರು ಯಾರ್ ಬಂದ್ರೂ ಹೌದು ಅಂತದ" ಎನ್ನುತ್ತಿದ್ದಳು ಅವಳು.

ಅವಳ ಮಾತು ಸುಳ್ಳಲ್ಲ. ಮೂತ್ರದಲ್ಲಿ ಸಕ್ಕರೆಯಲ್ಲದೆ ಬೇರೆ ಕೆಲವು ಪದಾರ್ಥಗಳಿದ್ದರೂ ನೀಲಿ ನೀರಿನ ಬಣ್ಣ ತಿರುಗುತ್ತದೆ ಎಂದು ನಾನೂ ಓದಿದ್ದೆ. ಆದರೆ ನಲವತ್ತು ವರ್ಷದಲ್ಲಿ ಅಂಥದ್ದೊಂದು ನನ್ನ ಮೇಜಿಗೆ ಬಂದಿರಲಿಲ್ಲ. ಬಂದಿರಲಿಲ್ಲ ಎಂದು ನಾನು ತಿಳಿದಿದ್ದೆ.

ಮೇ ತಿಂಗಳ ಒಂದು ಬೆಳಿಗ್ಗೆ ನಮ್ಮ ತಾಲ್ಲೂಕಿನದೇ ಆದ ಮುಧೋಳದಿಂದ ಲುಂಬಿನಿ ಎಂಬ ಹೆಣ್ಣುಮಗಳು ತನ್ನ ಆರು ವರ್ಷದ ಮಗಳನ್ನು ಕರೆದುಕೊಂಡು ಬಂದಳು. ಗಂಡ ಅಜಯಕುಮಾರ ಆದಿತ್ಯನಗರದ ಸಿಮೆಂಟ್ ಕಾರ್ಖಾನೆಗೆ ಕೆಲಸಕ್ಕೆ ಹೋಗುತ್ತಾನಂತೆ. ಮಗುವಿನ ಹೆಸರು ಮೈತ್ರಿ. ಎರಡು ಜಡೆ, ಮುಂದಿನ ಎರಡು ಹಲ್ಲಿಲ್ಲ. ರಿಹಾನ ಎಂದಿನಂತೆ ಡಬ್ಬಿಯಿಂದ ಪೆಪ್ಪರ್‌ಮಿಂಟ್ ತೆಗೆದು ಕೊಡಲು ಹೋದಳು. ಮಗು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡುಬಿಟ್ಟಿತು.

"ಒಲ್ಲೆ ಅಕ್ಕಾ. ನಾ ಸಕ್ರಿ ಹುಡುಗಿ."

ದೊಡ್ಡವರು ತಮ್ಮ ಊರಿನ ಹೆಸರು ಹೇಳುವ ಹಾಗೆ ಹೇಳಿತು. ಇಷ್ಟು ಸಣ್ಣ ಮಗುವಿಗೆ ಸಕ್ಕರೆ ಕಾಯಿಲೆ ಬಂದರೆ ಜೀವನವೆಲ್ಲ ಸೂಜಿ.

"ಇದೇ ವರ್ಷ ಸಾಲಿಗಿ ಹಚ್ಚಬೇಕ್ರಿ" ಎಂದಳು ಲುಂಬಿನಿ. "ಸಾಲ್ಯಾಗ ಹಾಲಿಗಿ ಸಕ್ರಿ ಹಾಕ್ತಾರ, ಶೇಂಗಾ ಚಿಕ್ಕಿ ಕೊಡ್ತಾರ. ಮಾಸ್ತರಿಗಿ ಕೊಡಾಕ ಹೊಸಾ ರಿಪೋರ್ಟ್ ಬೇಕ್ರಿ. ಹಳೇದು ಇದ ನೋಡ್ರಿ."

ಚೀಲದಿಂದ ತೆಗೆದುಕೊಟ್ಟ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿದ್ದಳು. ಜಮೀನಿನ ಕಾಗದಕ್ಕೂ ಜನ ಅಷ್ಟು ಜೋಪಾನ ಮಾಡುವುದಿಲ್ಲ. ಮೇಲೆ ನನ್ನ ಲ್ಯಾಬಿನ ಹೆಸರು, ಕೆಳಗೆ ನನ್ನ ಸಹಿ. ನಡುವೆ, ಹಳ್ಳಿಯವರಿಗೂ ಓದಲು ಬರಲಿ ಎಂದು ನಾನು ಯಾವಾಗಲೂ ಕನ್ನಡದಲ್ಲಿ ದಪ್ಪಗೆ ಬರೆಯುವ ಸಾಲು: ಮೂತ್ರದಲ್ಲಿ ಸಕ್ಕರೆ ಇದೆ. ಹೋದ ವರ್ಷ ಜ್ವರ ಬಂದಾಗ ಬರೆಸಿಕೊಂಡು ಹೋದದ್ದಂತೆ.

"ನಾ ಓದ್ತೀನಿ" ಎಂದು ಮೈತ್ರಿ ಬೆರಳಿಟ್ಟಿತು. "ಸ. ಕ್ಕ. ರೆ. ಇ. ದೆ."

"ಅಕಿ ಅಕ್ಷರ ಕಲ್ತಿದ್ದ ಇದರಾಗ್ರಿ" ಎಂದು ಲುಂಬಿನಿ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

"ಕಲಬುರಗಿಗಿ ತೋರ್ಸಿರೇನು? ರಕ್ತ ಪರೀಕ್ಷೆ?" ಎಂದು ಕೇಳಿದೆ.

"ಮೂರ್ ಸಲ ಮಾಡಿಸೀನ್ರಿ. ರಕ್ತದಾಗ ಸಕ್ರಿ ಇಲ್ಲ ಅಂದಾರ. ಅದಕ್ಕ ನೋಡ್ರಿ ನಾ ಕಾಯಾಕತ್ತೀನಿ. ಉಚ್ಚಿದಾಗ ಅದ, ರಕ್ತಕ್ಕ ಏರಿಲ್ಲ. ಏರಬಾರದಂತ ಒಂದ್ ವರ್ಷಾತು, ಒಂದ್ ಹರಳು ಬೆಲ್ಲ ಬಾಯಾಗ ಬಿಟ್ಟಿಲ್ಲ. ಹೋದ ವರ್ಷ ಬುದ್ಧ ಪೂರ್ಣಿಮಿ ಖೀರು ಊರ್ ಮಂದಿಗೆಲ್ಲ ನಾನ ಬಡಿಸಿದೆ. ಇಕಿ ಕಟ್ಟೀ ಮ್ಯಾಲ ಕುಂತು ನೋಡಿದಳು. ಅಳಲಿಲ್ರಿ. ಒಂದ್ ಹನಿ ಅಳಲಿಲ್ಲ."

ಹೇಳುತ್ತ ಅವಳೇ ಕಣ್ಣೊರೆಸಿಕೊಂಡಳು. ಸಕ್ಕರೆ ಮೂತ್ರದಿಂದ ರಕ್ತಕ್ಕೆ ಹತ್ತುವುದಿಲ್ಲ, ರಕ್ತದಿಂದ ಮೂತ್ರಕ್ಕೆ ಇಳಿಯುತ್ತದೆ. ರಕ್ತದಲ್ಲಿ ಇಲ್ಲದ್ದು ಮೂತ್ರಕ್ಕೆ ಎಲ್ಲಿಂದ ಬಂತು? ಆ ಪ್ರಶ್ನೆ ನನ್ನ ತಲೆಯಲ್ಲಿ ಎದ್ದಿತು, ನಾನು ಅದನ್ನು ಕೂರಿಸಿದೆ. ಮಗುವಿನ ಮೂತ್ರ ತೆಗೆದುಕೊಂಡು, ನಾಲ್ಕು ಗಂಟೆಗೆ ಬನ್ನಿ ಎಂದು ಕಳಿಸಿದೆ. ತಾಯಿ ಮಗಳು ಶಾಲೆಯ ಚೀಲ ಕೊಳ್ಳಲು ಬಜಾರಿಗೆ ಹೋದರು.

ರಿಹಾನ ಪಟ್ಟಿ ಅದ್ದಿದಳು. ಸಕ್ಕರೆಯ ಚೌಕ ಕದಲಲಿಲ್ಲ.

"ಇಲ್ಲ ಸರ್. ಚೂರೂ ಇಲ್ಲ."

"ಪಟ್ಟಿ ಹಳೇದಾಗಿರಬೇಕು."

"ನಿನ್ನಿ ಡಬ್ಬಿ ಒಡದೀನಿ ಸರ್."

ನಾನು ದೀಪ ಹಚ್ಚಿದೆ. ಎಂಟು ಹನಿ ಬಿಟ್ಟು ಕುದಿಸಿದೆ. ಕಿತ್ತಳೆ ಬಣ್ಣದ ಗಸಿ ತಳಕ್ಕೆ ಕೂತಿತು. "ನೋಡು" ಎಂದು ನಳಿಗೆಯನ್ನು ಅವಳ ಮುಖಕ್ಕೆ ಹಿಡಿದೆ. ಹಿಡಿದಾಗ ನನಗೂ ಕಂಡಿತು: ಗಸಿಯ ಮೇಲಿನ ನೀರು ನೀಲಿಯೂ ಅಲ್ಲ, ಹಳದಿಯೂ ಅಲ್ಲ, ಕಪ್ಪು ಕಂದು.

"ನಳಿಗಿ ತೊಳದೀ ಏನು ನೀನು?" ಎಂದು ಬಾಯಿ ತೆರೆದವನು ಅಲ್ಲೇ ನಿಂತೆ. ಇದೇ ಮಾತನ್ನು ನಾನು ಹೋದ ವರ್ಷ ಇದೇ ಮೇಜಿನ ಮುಂದೆ ಆಡಿದ್ದೆ. ಇಂಥದೇ ಕಪ್ಪು ನೀರು ಕಂಡು, ನಳಿಗೆ ಕೊಳಕಾಗಿದೆ ಎಂದು ನಾಲ್ಕು ಜನ ರೋಗಿಗಳ ಎದುರು ರಿಹಾನಳನ್ನು ತಾರಾಮಾರಾ ಬೈದಿದ್ದೆ. ಅವಳು ಒಳಗೆ ಹೋಗಿ ಅತ್ತು ಬಂದು, ಎಲ್ಲ ನಳಿಗೆಗಳನ್ನೂ ಮತ್ತೆ ತೊಳೆದಿಟ್ಟಿದ್ದಳು. ನಾನು ಮೇಲಿನ ಕಪ್ಪನ್ನು ಚೆಲ್ಲಿ, ಕೆಳಗಿನ ಕಿತ್ತಳೆಯನ್ನಷ್ಟೇ ನೋಡಿ, ಸಕ್ಕರೆ ಇದೆ ಎಂದು ಬರೆದಿದ್ದೆ. ಆ ಮೂತ್ರವೂ ಇದೇ ಮಗುವಿನದು.

ರಿಹಾನ ಪೆಟ್ಟಿಗೆಯಿಂದ ಹೊಸ ನಳಿಗೆ ತೆಗೆದು, ಅದರ ಕಾಗದ ಹರಿದು, ನನ್ನ ಮುಂದಿಟ್ಟಳು. ಮತ್ತೆ ಕುದಿಸಿದೆ. ಮತ್ತೆ ಕಿತ್ತಳೆ, ಮತ್ತೆ ಕಪ್ಪು.

ಊಟಕ್ಕೆ ಮನೆಗೆ ಹೋದರೆ ವೃಂದಾ ಎರಡು ಸಲ ಸಾರು ಬಡಿಸಿದ್ದೂ ನನಗೆ ಗೊತ್ತಾಗಲಿಲ್ಲ. ಮರಳಿ ಬಂದಾಗ ಮೇಜಿನ ಮೇಲೆ ತೆರೆದೇ ಉಳಿದಿದ್ದ ಡಬ್ಬಿಯಲ್ಲಿ ಮಗುವಿನ ಮೂತ್ರದ ಮೇಲಿನ ಪದರ ಚಹಾದ ಡಿಕಾಕ್ಷನ್ನಿನಂತಾಗಿತ್ತು. ತಳದಲ್ಲಿ ಇನ್ನೂ ಹಳದಿ ಇತ್ತು. ಗಾಳಿ ತಾಗಿದ ಕಡೆಯಿಂದ ಕಪ್ಪು ಕೆಳಗಿಳಿಯುತ್ತಿತ್ತು.

ಡಿಪ್ಲೊಮಾ ಓದುವಾಗ ನಮಗೆ ಕಲಿಸಿದ ಲಕ್ಷ್ಮಿಕಾಂತ ಮಾಸ್ತರರು ಒಂದು ಪಾಠದ ಕೊನೆಗೆ ಹೇಳಿದ್ದು ನೆನಪಾಯಿತು. "ಇದು ನಿಮ್ಮ ಆಯುಷ್ಯದಾಗ ಒಂದ ಸಲ ಬರಬಹುದು. ಬಂದಾಗ ತೂಕಡಿಸಬ್ಯಾಡ್ರಿ." ನಾನು ತೂಕಡಿಸಿದ್ದೆ. ಸ್ವಲ್ಪ ಮೂತ್ರ ಬೇರೆ ತೆಗೆದು ಒಂದು ಹನಿ ಕ್ಷಾರ ಬಿಟ್ಟೆ. ನೋಡುತ್ತಿದ್ದ ಹಾಗೆ ಕಾಡಿಗೆಯಾಯಿತು. ಇನ್ನೊಂದು ನಳಿಗೆಯಲ್ಲಿ ಫೆರಿಕ್ ಕ್ಲೋರೈಡ್ ಬಿಟ್ಟೆ. ನೀಲಿ ಹಸಿರು ಒಂದು ಕ್ಷಣ ಬಂದು ಹೋಯಿತು.

ಆಲ್ಕಾಪ್ಟನ್ಯೂರಿಯಾ. ಲಕ್ಷಾಂತರ ಮಕ್ಕಳಲ್ಲಿ ಒಂದಕ್ಕೆ ಬರುವಂಥದ್ದು. ನಾವು ತಿನ್ನುವ ಬೇಳೆ, ಹಾಲು, ಮೊಟ್ಟೆಯಲ್ಲಿರುವ ಒಂದು ಅಂಶ ಈ ಮಕ್ಕಳ ಮೈಯಲ್ಲಿ ಅರ್ಧ ಅರಗಿ ನಿಂತುಬಿಡುತ್ತದೆ. ಆ ಅರ್ಧ ಅರಗಿದ ಆಮ್ಲ ಮೂತ್ರದಲ್ಲಿ ಹೊರಬಂದು, ಗಾಳಿಗೂ ಕ್ಷಾರಕ್ಕೂ ಕಪ್ಪಾಗುತ್ತದೆ. ನನ್ನ ನೀಲಿ ನೀರಿಗೆ ಅದು ಸಕ್ಕರೆಯ ಹಾಗೆಯೇ ಕಾಣುತ್ತದೆ. ಸಕ್ಕರೆಗೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ನಾನು ಸ್ಟೂಲಿನ ಮೇಲೆ ಕೂತುಬಿಟ್ಟೆ.

"ರಿಹಾನ" ಎಂದೆ. "ಹೋದ ವರ್ಷ ನಳಿಗಿ ನೀ ಚಲೋನ ತೊಳದಿದ್ದಿ."

"ನನಗ ಗೊತ್ತಿತ್ತು ಸರ್" ಎಂದಳು ಅವಳು. ಒಂದು ಲೋಟ ನೀರು ತಂದು ನನ್ನ ಪಕ್ಕದಲ್ಲಿಟ್ಟಳು.

ನಾಲ್ಕು ಗಂಟೆಗೆ ಲುಂಬಿನಿ ಬಂದಳು. ಮೈತ್ರಿಯ ಬೆನ್ನ ಮೇಲೆ ಹೊಸ ಚೀಲವಿತ್ತು. ನಾನು ರಿಪೋರ್ಟಿನ ಮಾತೆತ್ತದೆ ಕೇಳಿದೆ. "ಕೂಸಿದ್ದಾಗ ಇಕಿ ಅರಿವಿ ಒಗದ್ರ ಕಪ್ಪಾಗ್ತಿದ್ವೇನು?"

ಲುಂಬಿನಿಯ ಮುಖ ಬಿಳಿಚಿಕೊಂಡಿತು. "ನಿಮಗ ಯಾರ್ ಹೇಳಿದ್ರಿ? ನಮ್ಮ ಅತ್ತಿ ಬಂದಿದ್ದಳೇನು?"

ಯಾರೂ ಬಂದಿಲ್ಲ ಎಂದೆ. ಅವಳು ನಂಬಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ತಲೆ ತಗ್ಗಿಸಿಕೊಂಡು ಹೇಳಿದಳು. ಅತ್ತೆ ಹಣಮಮ್ಮ ಬೇರೆಯವಳಲ್ಲ, ಲುಂಬಿನಿಯ ತಂದೆಯ ಅಕ್ಕನೇ. ತಮ್ಮನ ಮಗಳೆಂದು ಆಸೆಪಟ್ಟು ತಂದುಕೊಂಡವಳು.

"ಮೊದಲನೇ ವಾರದಾಗ ಶುರುವಾತ್ರಿ. ಕೂಸಿನ ದುಪ್ಟಿ ಒಗದು ಹಾಕಿದ್ರ ಕಪ್ಪು ಕಲಿ. ಅತ್ತಿ ನೋಡಿ, ಇಕಿಗಿ ಇವರವ್ವ ಏನೂ ಕಲಿಸಿಲ್ಲ ಅಂದಳು. ನಾ ಸೋಡಾ ಹಾಕಿ ತಿಕ್ಕಿದೆ, ಇನ್ನಾ ಕಪ್ಪಾತು. ಸಾಬಣ ಹಚ್ಚಿ ನೆನಿ ಇಟ್ಟೆ, ಮತ್ತಾ ಕಪ್ಪು. ಒಗದಷ್ಟೂ ಕಪ್ಪರಿ. ಬಚ್ಚಲದ ಶಹಾಬಾದ್ ಕಲ್ಲಿನ ಮ್ಯಾಲ ಇವತ್ತಿಗೂ ಕಲಿ ಅದ. ಬಂದ ಮಂದಿಗೆಲ್ಲ ಅತ್ತಿ ಅದನ್ನ ತೋರಸ್ತಾಳ. ಆಮ್ಯಾಲ ನಾ ಕರೇ ಸೀರಿ ಹರದು ಅದನ್ನ ಹಾಸಿದೆ. ಯಾರಿಗೂ ಹೇಳಲಿಲ್ಲ. ನನ್ನ ಕೈಯಾಗ ಏನೋ ದೋಷ ಅದ ಅಂತ ತಿಳಕೊಂಡೀನ್ರಿ."

ಆಗಲೇ ಹೇಳಬೇಕಿತ್ತು. ತಾಯೀ, ದೋಷ ನನ್ನ ಕೈಯದು, ಮಗುವಿಗೆ ಈಗಲೇ ಒಂದು ಪೆಪ್ಪರ್‌ಮಿಂಟ್ ಕೊಡು ಎನ್ನಬೇಕಿತ್ತು. ನಲವತ್ತು ವರ್ಷದ ಸಹಿ ಅಡ್ಡ ಬಂತು. "ಹೈದರಾಬಾದಿಗಿ ಕಳಸಬೇಕು. ಹತ್ತು ದಿನಾ ಆಗ್ತದ. ಆಮ್ಯಾಲ ಹೇಳ್ತೀನಿ" ಎಂದೆ.

"ಅಲ್ಲಿತನ ಪಥ್ಯ ಹಂಗ ನಡಸಲೇನ್ರಿ?"

ನಾನು ತಲೆಯಾಡಿಸಿದೆ. ಹೌದೆಂದೋ ಇಲ್ಲವೆಂದೋ ನನಗೇ ತಿಳಿಯದ ಹಾಗೆ ಆಡಿಸಿದೆ. ಅವಳು ಹೌದೆಂದು ತಿಳಿದು ಹೋದಳು.

ಡಬ್ಬಿಯನ್ನು ಮಂಜುಗಡ್ಡೆಯಲ್ಲಿಟ್ಟು ಹೈದರಾಬಾದಿನ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆವು. ಅಲ್ಲಿ ಮೂತ್ರದ ಒಂದೊಂದು ಪದಾರ್ಥವನ್ನೂ ಬೇರ್ಪಡಿಸಿ, ಯಾವುದು ಎಷ್ಟಿದೆ ಎಂದು ಅಳೆಯುವ ಯಂತ್ರವಿದೆ. ನನ್ನ ಕಣ್ಣಂದಾಜು ಅದರ ಮುಂದೆ ನಡೆಯುವುದಿಲ್ಲ. ಒಂಬತ್ತನೆಯ ದಿನ ಸಂಜೆ ಅಲ್ಲಿಯ ಡಾಕ್ಟರ್ ಫೋನ್ ಮಾಡಿ, ನಮ್ಮ ಅನುಮಾನ ನಿಜ, ಆ ಆಮ್ಲ ಬಹಳ ಇದೆ, ಸಕ್ಕರೆ ಇಲ್ಲವೇ ಇಲ್ಲ ಎಂದರು. ಇಷ್ಟು ಹಳೆಯ ರೀತಿಯಲ್ಲಿ ಹಿಡಿದಿರಲ್ಲ ಎಂದು ಹೊಗಳಿದರು ಬೇರೆ. ನಾನು ಫೋನ್ ಇಟ್ಟುಬಿಟ್ಟೆ.

"ಅವರಿಗಿ ಬರಾಕ ಹೇಳಲೇನು ಸರ್?" ಎಂದಳು ರಿಹಾನ.

"ಸೋಮವಾರ ಹೇಳೋಣು."

"ನಾಳಿ ಬುದ್ಧ ಪೂರ್ಣಿಮಿ ಸರ್."

ಅಷ್ಟೇ ಹೇಳಿ ಅವಳು ಚೀಲ ಹೆಗಲಿಗೆ ಹಾಕಿಕೊಂಡು ರೈಲಿಗೆ ಹೋದಳು. ಮರುದಿನ ಬೆಳಿಗ್ಗೆ ನಾನು ಲ್ಯಾಬಿನ ಬಾಗಿಲು ತೆರೆಯದೆ ಮುಧೋಳದ ಬಸ್ಸು ಹತ್ತಿದೆ.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ದೊಡ್ಡ ಪಾತ್ರೆಯಲ್ಲಿ ಖೀರು ಕುದಿಯುತ್ತಿತ್ತು, ಬುದ್ಧ ವಿಹಾರಕ್ಕೆ ಒಯ್ಯಲಿಕ್ಕೆ. ಏಲಕ್ಕಿ ವಾಸನೆ ಓಣಿಯ ತನಕ ಬಂದಿತ್ತು. ಲುಂಬಿನಿ ಸೌಟು ತಿರುವುತ್ತಿದ್ದಳು. ಬಿಳಿ ಸೀರೆ ಉಟ್ಟ ಹಣಮಮ್ಮ ದ್ರಾಕ್ಷಿ ಆರಿಸುತ್ತಿದ್ದಳು. ಮೈತ್ರಿ ಬಿಳಿ ಲಂಗ ಹಾಕಿಕೊಂಡು ಕಟ್ಟೆಯ ಮೇಲೆ ಕೂತಿತ್ತು, ಕೈ ಬೆನ್ನ ಹಿಂದೆ. ನನ್ನನ್ನು ಕಂಡು ಲುಂಬಿನಿಯ ಕೈಯಲ್ಲಿದ್ದ ಸೌಟು ನಿಂತಿತು.

"ರಕ್ತಕ್ಕ ಏರೇದೇನ್ರಿ?" ಎಂದಳು.

"ಇಲ್ಲವ್ವಾ. ಅಕಿಗಿ ಸಕ್ರಿ ಇಲ್ಲ. ಎಂದೂ ಇರಲಿಲ್ಲ. ನಾ ತಪ್ಪು ಬರದೀನಿ."

ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲೋ ಹೋಯಿತು. ಇಷ್ಟೇ ಬಂತು. ಲುಂಬಿನಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. "ಒಂದ್ ವರ್ಷಾರಿ" ಎಂದು ಮಾತ್ರ ಅಂದಳು. ಸೌಟನ್ನು ಪಾತ್ರೆಯ ಅಂಚಿಗಿಟ್ಟು ಅಲ್ಲೇ ನೆಲಕ್ಕೆ ಕೂತಳು.

ಹಣಮಮ್ಮನೇ ಎದ್ದು ಬಂದಳು. "ಸಕ್ರಿ ಇಲ್ಲಂದ್ರ ಮತ್ತೇನದ?"

"ಬ್ಯಾರೇ ಒಂದದ. ಹೇಳ್ತೀನಿ. ಅದಕ್ಕಿಂತ ಮೊದಲ ಒಂದ್ ಬಿಳಿ ಅರಿವಿ ಕೊಡ್ರಿ, ಸಾಬಣ ಕೊಡ್ರಿ. ಕೂಸಿನ ಉಚ್ಚಿ ಸ್ವಲ್ಪ ಬೇಕು."

"ಹಬ್ಬದ ದಿನಾ ಉಚ್ಚಿ ಬೇಡಾಕ ಬಂದಾನಲ್ಲ ಇಂವ" ಎಂದು ಗೊಣಗಿದಳು. ಆದರೂ ತಂದಳು. ಬಟ್ಟೆಯನ್ನು ಮೂತ್ರದಲ್ಲಿ ಅದ್ದಿ ಬಚ್ಚಲ ಕಲ್ಲಿನ ಮೇಲೆ ಹಾಸಿದೆ. ಹಳೆಯ ಕಪ್ಪು ಕಲೆ ಅಲ್ಲೇ ಇತ್ತು.

"ಒಗೀರಿ" ಎಂದೆ.

"ನಾನಾ?"

"ನೀವ. ನಿಮ್ಮಷ್ಟು ಚಲೋ ಈ ಮನ್ಯಾಗ ಯಾರಿಗೂ ಒಗಿಯಾಕ ಬರಲ್ಲಂತ ಕೇಳೀನಿ."

ಹಣಮಮ್ಮ ಸೀರೆ ಸಿಕ್ಕಿಸಿ ಕೂತಳು. ಸಾಬೂನು ಹಚ್ಚಿ ತಿಕ್ಕಿದಳು. ಬಟ್ಟೆ ಮೊದಲು ಕಂದಾಯಿತು. ಅವಳು ಇನ್ನಷ್ಟು ಸಾಬೂನು ಹಚ್ಚಿದಳು, ಕಂದು ದಟ್ಟವಾಯಿತು. ಡಬ್ಬಿಯಿಂದ ಸೋಡಾ ಸುರಿದು ಎರಡೂ ಕೈಯಿಂದ ಉಜ್ಜಿದಳು. ಬಟ್ಟೆ ಅವಳ ಬೆರಳುಗಳ ನಡುವೆ ಕಪ್ಪಾಗುತ್ತ ಹೋಯಿತು. ಉಜ್ಜುವುದು ನಿಂತಿತು. ನೊರೆ ಮೆತ್ತಿದ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

"ಉಚ್ಚಿದಾಗಿನ ಒಂದ್ ಆಮ್ಲ ಸಾಬಣಕ್ಕ ಕಪ್ಪಾಗ್ತದ. ಇದು ಯಾರ ಕೈ ತಪ್ಪೂ ಅಲ್ಲ" ಎಂದೆ. "ಅರ್ಧ ತಾಯಿ ಕಡಿಂದ ಬಂದದ, ಅರ್ಧ ತಂದಿ ಕಡಿಂದ."

"ಅಂದ್ರ ಎರಡೂ ಕಡಿಂದ ನಮ್ಮ ಮನೀದ" ಎಂದಳು ಹಣಮಮ್ಮ. ಆಮೇಲೆ ಎದ್ದು, ಅಂಗಳದಲ್ಲಿ ಕೂತಿದ್ದ ಸೊಸೆಯ ಹತ್ತಿರ ಹೋಗಿ, ಒದ್ದೆ ಕೈಯನ್ನೇ ಅವಳ ತಲೆಯ ಮೇಲಿಟ್ಟಳು. "ಏಳವ್ವಾ" ಎಂದಳು. "ಖೀರು ತಳಾ ಹತ್ತಾಕತ್ತದ." ಲುಂಬಿನಿ ಅತ್ತೆಯ ಸೀರೆಗೆ ಮುಖ ಒತ್ತಿ ಅತ್ತಳು. ಹಣಮಮ್ಮನೇ ಒಂದು ಕೈಯಿಂದ ಸೌಟು ತಿರುವುತ್ತ ನಿಂತಳು.

ಉಳಿದದ್ದನ್ನೂ ಮುಚ್ಚಿಡದೆ ಹೇಳಿದೆ. ಈಗ ಮಗುವಿಗೆ ಏನೂ ಆಗುವುದಿಲ್ಲ, ಓಡಲಿ, ತಿನ್ನಲಿ. ಮೂವತ್ತು ಮೂವತ್ತೈದು ದಾಟಿದ ಮೇಲೆ ಬೆನ್ನು, ಮೊಣಕಾಲು ನೋಯಬಹುದು. ವರ್ಷಕ್ಕೊಮ್ಮೆ ಹೈದರಾಬಾದಿನ ಡಾಕ್ಟರಿಗೆ ತೋರಿಸಬೇಕು, ಮೊದಲ ಸಲ ನಾನೇ ಜೊತೆಗೆ ಬರುತ್ತೇನೆ ಎಂದೆ.

"ಮೂವತ್ತೈದಾ?" ಲುಂಬಿನಿ ಮೂಗೊರೆಸಿಕೊಂಡು ಸಣ್ಣಗೆ ನಕ್ಕಳು. "ಅಷ್ಟೊತ್ತಿಗಿ ನನಗೂ ಸೊಂಟ ನೋಯ್ತಿರ್ತದ್ರಿ. ಇಬ್ಬರೂ ಕೂಡಿ ಎಣ್ಣಿ ತಿಕ್ಕೊಂಡು ಕುಂದ್ರತೀವಿ."

ಒಂದು ಬಟ್ಟಲು ಖೀರು ಆರಿಸಿ ಮಗಳ ಮುಂದೆ ಹಿಡಿದಳು. ಮೈತ್ರಿ ಬಾಯಿ ಬಿಗಿಹಿಡಿಯಿತು, ಕೈ ಹಿಂದೆಯೇ ಇದ್ದವು.

"ತಿನ್ನು ನನ್ನವ್ವಾ. ನಿನಗ ಸಕ್ರಿ ಇಲ್ಲಂತ."

"ಅದ. ಕಾಗದದಾಗ ಬರದದ" ಎಂದಿತು ಮಗು.

ನಾವು ಮೂವರೂ ಹೇಳಿದೆವು. ಕೇಳಲಿಲ್ಲ. ಕೊನೆಗೆ ತಾನೇ ಒಳಗೆ ಹೋಗಿ, ಹೊಸ ಚೀಲದಿಂದ ಆ ಲ್ಯಾಮಿನೇಶನ್ ಕಾಗದವನ್ನೂ ಒಂದು ರಬ್ಬರನ್ನೂ ತಂದು ನನ್ನ ಮುಂದೆ ನಿಂತಿತು. "ತಪ್ಪು ಬರದ್ರ ಅಳಸಬೇಕು. ಅಂಗನವಾಡಿ ಟೀಚರ್ ಹೇಳ್ಯಾರ."

ನಾನು ಉಜ್ಜಿದೆ. ಪ್ಲಾಸ್ಟಿಕ್ಕಿನ ಮೇಲೆ ರಬ್ಬರು ಜಾರಿತು. ಹಣಮಮ್ಮ ಈಳಿಗೆ ತಂದುಕೊಟ್ಟಳು. ಅಂಚು ಕೊಯ್ದು, ಪದರ ಬಿಡಿಸಿ, ಕಾಗದ ಹೊರತೆಗೆದೆ. ಮೈತ್ರಿ ಅದನ್ನು ಕಟ್ಟೆಯ ಮೇಲೆ ಹರಡಿ, ನಾಲಿಗೆ ಹೊರಗೆ ಹಾಕಿ, 'ಇದೆ' ಎಂಬ ಎರಡು ಅಕ್ಷರದ ಮೇಲೆ ಉಜ್ಜತೊಡಗಿತು. ನಾನು ಬರೆದದ್ದು ಪೆನ್ನಿನಲ್ಲಿ, ಒತ್ತಿ ಬರೆದದ್ದು. ಹೋಗಲಿಲ್ಲ. ಮಗು ಬಿಡಲಿಲ್ಲ. ಖೀರಿನ ಪಾತ್ರೆ ಒಯ್ಯಲು ಬಂದ ನಾಲ್ಕು ಜನ ಬಾಗಿಲಲ್ಲಿ ನಿಂತು ಕಾದರು. ಉಜ್ಜಿ ಉಜ್ಜಿ ಕೊನೆಗೆ ಕಾಗದವೇ ಹರಿದು ತೂತು ಬಿತ್ತು.

ಮೈತ್ರಿ ಬೆರಳಿಟ್ಟು ಓದಿತು. "ಸ. ಕ್ಕ. ರೆ." ಬೆರಳು ತೂತಿನೊಳಗೆ ಹೋಯಿತು. ತಲೆಯೆತ್ತಿ ನನ್ನನ್ನು ನೋಡಿತು.

"ಇಲ್ಲ" ಎಂದೆ ನಾನು.

"ಇಲ್ಲ" ಎಂದಿತು ಅದು. ಆಮೇಲೆ ಎರಡೂ ಕೈ ಮುಂದೆ ಚಾಚಿ ಬಟ್ಟಲು ತೆಗೆದುಕೊಂಡು, ತಾನು ಮೊದಲು ತಿನ್ನದೆ, ಒಂದು ಚಮಚ ಎತ್ತಿ ಅವ್ವನ ಬಾಯಿಗೆ ಹಿಡಿಯಿತು. ಒಂದು ವರ್ಷದಿಂದ ಲುಂಬಿನಿಯೂ ಸಿಹಿ ಮುಟ್ಟಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.